ವಿಡಿಯೋ ಆಟವೂ ವಿದ್ಯಾಭ್ಯಾಸವೂ

ಆಟಕ್ಕೂ ಪಾಠಕ್ಕೂ ಎಣ್ಣೆ-ಸೀಗೆಕಾಯಿಯ ಸಂಬಂಧವೆಂಬುದು ನಮ್ಮ ಕಡೆಯ ಹಿರಿಯರ ನಂಬಿಕೆ. ಅದರಲ್ಲಿಯೂ ಮೊಬೈಲಿನ ವಿಡಿಯೋ ಆಟವೆಂದರೆ ಮುಗಿದೇ ಹೋಯಿತು. ಹುಡುಗ ಕೆಟ್ಟನೆಂದೇ ಅರ್ಥ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕುಗಳ ಯಾವ ಊರಿನ ಕಟ್ಟೆಯ ಮೇಲೆ ಕುಳಿತರೂ ಈ ಮಾತು ಕಿವಿಗೆ ಬೀಳದಿರದು. ಅದು ಎಷ್ಟರಮಟ್ಟಿಗೆ ನಿಜ? ವಿದ್ಯಾರ್ಥಿಗಳಲ್ಲಿ ಕಲಿಯುವ ಹಂಬಲವನ್ನು ಹುಟ್ಟಿಸುವ ಉಪಾಯವೇನಾದರೂ ಆ ಆಟಗಳಲ್ಲಿ ಅಡಗಿದೆಯೆ? ಇದನ್ನು ಸ್ವಲ್ಪ ವಿಚಾರ ಮಾಡೋಣ.

ಈ ಆಟ ನಮ್ಮ ಮನೆಗಳಿಗೆ ಬಂದುದು ಪಾಠದ ಕೈ ಹಿಡಿದುಕೊಂಡೇ. 2020ರಲ್ಲಿ ಕೊರೋನಾ ಕಾರಣದಿಂದ ಶಾಲೆಗಳು ಮುಚ್ಚಿದಾಗ, ನಮ್ಮ ತಂದೆಯವರು ಶೇಂಗಾ ಮಾರಿದ ಹಣದಲ್ಲಿ ಒಂದು ಮೊಬೈಲನ್ನು ಕೊಂಡು ತಂದರು. ನಾನು ಆಗ 10ನೆಯ ತರಗತಿ, ನನ್ನ ತಮ್ಮ 4ನೆಯ ತರಗತಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಪಬ್ಜಿಯನ್ನು ನಿಷೇಧಿಸಿತು. ಹುಡುಗರು ಫ್ರೀ ಫೈರ್ ಹಿಡಿದರು. 2022ರ ಫೆಬ್ರವರಿಯಲ್ಲಿ ಅದೂ ನಿಷೇಧವಾಯಿತು, ಬೇರೊಂದು ಬಂದಿತು. ಈಗ ತಮ್ಮ 9ನೆಯ ತರಗತಿಯಲ್ಲಿದ್ದಾನೆ. ಗಣಿತದ ಪುಸ್ತಕವನ್ನು ಹತ್ತು ನಿಮಿಷ ಹಿಡಿಯಲಾರದವನು, ಸೋತ ಆಟವನ್ನೇ ಇಪ್ಪತ್ತು ಸಲ ಆಡುತ್ತಾನೆ. "ಇವನ ತಲಿಗೆ ವಿದ್ಯೆ ಹತ್ತಂಗಿಲ್ಲ, ಎಸ್ಸೆಲ್ಸಿ ಫೇಲಾದ್ರೆ ಬೆಂಗಳೂರಿಗೆ ಗಾರೆ ಕೆಲ್ಸಕ್ಕೆ ಹಚ್ಚಿದ್ರಾತು" ಎಂದು ತಂದೆಯವರು ಆಗಲೇ ತೀರ್ಮಾನಿಸಿದಂತಿದೆ. ಇಪ್ಪತ್ತು ಸಲ ಸೋತರೂ ಬಿಡದ ಸಹನೆ ಉಳ್ಳವನನ್ನು ದಡ್ಡನೆನ್ನುವುದು ಹೇಗೆಂಬುದೇ ನನ್ನ ಪ್ರಶ್ನೆ.

ಅಮೆರಿಕದ ಥಾಮಸ್ ಮೆಲೋನ್ ಎಂಬ ವಿದ್ವಾಂಸರು 1980ರ ಸುಮಾರಿನಲ್ಲಿ, ಕಂಪ್ಯೂಟರ್ ಆಟಗಳು ಮಕ್ಕಳಿಗೆ ಏಕೆ ರುಚಿಸುತ್ತವೆ ಎಂಬುದನ್ನು ಪರಿಶೀಲಿಸಿ, ಸವಾಲು, ಕಲ್ಪನೆ, ಕುತೂಹಲ ಎಂಬ ಮೂರನ್ನು ಮುಖ್ಯವೆಂದು ಹೇಳಿದರು. ಈ ಮೂರರಲ್ಲಿ ಸವಾಲೇ ಹೆಚ್ಚಿನದೆಂದು ನನಗೆ ತೋರುತ್ತದೆ. ಆಟದಲ್ಲಿ ಮುಂದಿನ ಹಂತವು ಕೈ ಚಾಚಿದರೆ ಎಟುಕುವಷ್ಟೇ ಎತ್ತರದಲ್ಲಿರುತ್ತದೆ. ತಪ್ಪಿದರೆ ಆ ಕ್ಷಣದಲ್ಲಿಯೇ ಗೊತ್ತಾಗುತ್ತದೆ. ಮತ್ತೆ ಆಡಬಹುದು, ಯಾರೂ ನಗುವುದಿಲ್ಲ, ಯಾರೂ ಬೆಂಚಿನ ಮೇಲೆ ನಿಲ್ಲಿಸುವುದಿಲ್ಲ.

ಇದು ನಮ್ಮ ಸರ್ಕಾರಿ ಶಾಲೆಗಳಿಗೆ ಹೊಸದೇನೂ ಅಲ್ಲ. ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಪದ್ಧತಿಯನ್ನು ನೋಡಿ ಬಂದ ಶಿಕ್ಷಕರು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 'ನಲಿ-ಕಲಿ'ಯನ್ನು ಆರಂಭಿಸಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ನಾನು ಅಕ್ಷರ ಕಲಿತದ್ದು ಅದರಲ್ಲಿಯೇ. ಗೋಡೆಯ ಮೇಲೆ ಕಲಿಕೆಯ ಏಣಿ, ಏಣಿಯಲ್ಲಿ ಮೈಲಿಗಲ್ಲುಗಳು, ಚಿತ್ರಗಳಿಂದ ಗುರುತಿಸಿದ ಕಾರ್ಡುಗಳು. ಒಂದು ಕಾರ್ಡು ಮುಗಿಸಿದವನು ಮುಂದಿನ ಮೆಟ್ಟಿಲಿಗೆ ತಾನೇ ಹೋಗುತ್ತಿದ್ದನು. ಅಕ್ಷರಗಳನ್ನು ಕಲಿಸುವ ಕ್ರಮವೂ ಅ, ಆ, ಇ, ಈ ಅಲ್ಲ. ಮೊದಲಿಗೆ ರ, ಗ, ಸ, ದ, ಅ. ಈ ಐದೇ ಅಕ್ಷರಗಳು ಬಂದರೆ ಸಾಕು, ಮಗು ಅರಸ, ಅಗಸ, ಗರಗಸ, ದಸರ ಎಂದು ಓದಿಬಿಡುತ್ತದೆ! ವರ್ಣಮಾಲೆ ಪೂರ್ತಿಯಾಗುವವರೆಗೆ ಕಾಯಬೇಕಾಗಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಓದು ಬಾರದಿದ್ದಾಗ ನಾನು 'ಗರಗಸ' ಎಂದು ಓದಿದ್ದು ದೊಡ್ಡ ಸುದ್ದಿಯಾಗಿತ್ತು.

ಗುಳೆ ಹೋಗುವವರ ಮಕ್ಕಳಿಗಂತೂ ಈ ಏಣಿ ಬಹಳ ಉಪಕಾರಿ. ಎರಡು ತಿಂಗಳು ಊರು ಬಿಟ್ಟು ಹೋಗಿ ಬಂದ ಹುಡುಗ, ತಾನು ನಿಂತ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಮೊಬೈಲ್ ಆಟವೂ ಹಾಗೆಯೇ ಅಲ್ಲವೆ? ಮೊನ್ನೆ ಬಿಟ್ಟ ಹಂತ ಇಂದು ಕಾದುಕೊಂಡಿರುತ್ತದೆ. ಆದರೆ ನಾನು ಓದುವಾಗ ಈ ಏಣಿ 3ನೆಯ ತರಗತಿಗೇ ಮುಗಿದುಹೋಗುತ್ತಿತ್ತು. 4ನೆಯ ತರಗತಿಯಿಂದ ಪುಸ್ತಕ ಮುಂದೆ ಮುಂದೆ ಓಡುತ್ತದೆ. ಹಿಂದುಳಿದವನು ಹಿಂದೆಯೇ ಉಳಿಯುತ್ತಾನೆ.

ಆಟದಿಂದ ಶಾಲೆಯವರು ಏನನ್ನಾದರೂ ಎರವಲು ತರುವುದಾದರೆ ಸಾಮಾನ್ಯವಾಗಿ ತರುವುದು ಅಂಕ, ಪದಕ, ಬಹುಮಾನಗಳನ್ನು. ಇಲ್ಲಿ ಎಚ್ಚರಿಕೆ ಬೇಕು. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಚಿತ್ರ ಬರೆಯುವುದರಲ್ಲಿ ಆಸಕ್ತಿಯಿದ್ದ ಶಿಶುವಿಹಾರದ ಮಕ್ಕಳ ಮೇಲೆ ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಬರೆದರೆ ಪ್ರಶಸ್ತಿಪತ್ರ ಕೊಡುವೆವೆಂದು ಮೊದಲೇ ಆಸೆ ತೋರಿಸಿದ ಮಕ್ಕಳು, ಅದನ್ನು ಪಡೆದ ಮೇಲೆ, ಉಳಿದ ಮಕ್ಕಳಿಗಿಂತ ಬಹಳ ಕಡಿಮೆ ಹೊತ್ತು ಚಿತ್ರ ಬರೆದರು. ನಮ್ಮ ಚೌಕಾಬಾರವನ್ನೇ ನೋಡಿರಿ. ಕಾಯಿ ಕಡಿಸಿಕೊಂಡವನು ಮತ್ತೆ ಮೊದಲ ಮನೆಯಿಂದ ನಡೆಯುತ್ತಾನೆ. ಅವನಿಗೆ ಯಾರೂ ಪದಕ ಕೊಡುವುದಿಲ್ಲ, ಆದರೂ ಸಂಜೆಯಾದರೂ ಕಟ್ಟೆಯಿಂದ ಏಳುವುದಿಲ್ಲ!

ಹಾಗೆಂದು ಮೊಬೈಲ್ ಆಟವೇ ಗುರುವೆಂದು ನಾನು ಹೇಳುತ್ತಿಲ್ಲ. ಬಂದೂಕಿನ ಆಟವಾಡಿದವನಿಗೆ ಬಂದೂಕಿನ ಆಟ ಬರುತ್ತದೆ, ಬೀಜಗಣಿತ ಬರುವುದಿಲ್ಲ. ರಾತ್ರಿಯೆಲ್ಲ ಆಡಿ ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುವವರನ್ನು ನಮ್ಮ ಕಾಲೇಜಿನಲ್ಲಿಯೂ ಕಾಣಬಹುದು, ಹೆಸರು ಬೇಡ. ತರಬೇಕಾದುದು ಅದರ ಮೆಟ್ಟಿಲುಗಳನ್ನು, ಮತ್ತೆ ಆಡುವ ಅವಕಾಶವನ್ನು.

ಈ ಎರಡನೆಯದು ಪರೀಕ್ಷೆಗೂ ಬಂದಿದೆ. 2024ರಲ್ಲಿ ನಮ್ಮ ರಾಜ್ಯದಲ್ಲಿ ಎಸ್.ಎಸ್.ಎಲ್.ಸಿ.ಗೆ ಒಂದೇ ವರ್ಷ ಮೂರು ಪರೀಕ್ಷೆಗಳು ನಡೆದವು. ಹೆಚ್ಚು ಅಂಕ ಬಂದುದನ್ನು ಉಳಿಸಿಕೊಳ್ಳಲು ಅವಕಾಶವಿತ್ತು. ಆದರೆ ಅಂಕಪಟ್ಟಿಯು ಎಷ್ಟು ಬಂದಿತೆಂದು ಹೇಳುತ್ತದೆಯೇ ಹೊರತು ಎಲ್ಲಿ ತಪ್ಪಿತೆಂದು ಹೇಳುವುದಿಲ್ಲ. ಅದನ್ನು ಹೇಳುವವರಿಲ್ಲದೆ, ಮೊದಲ ಪರೀಕ್ಷೆಯಲ್ಲಿ ಬಿದ್ದ ನಮ್ಮ ಹಳ್ಳಿಗಳ ಹುಡುಗ ಎರಡನೆಯದು ಬರುವಷ್ಟರಲ್ಲಿ ಗಾರೆ ಕೆಲಸಕ್ಕೆ ಹೊರಟಿರುತ್ತಾನೆ. ಉತ್ತರಪತ್ರಿಕೆಯ ಪ್ರತಿಯನ್ನು ಶುಲ್ಕ ತುಂಬಿ ತರಿಸಿಕೊಳ್ಳಬಹುದು. ರಜೆಯಲ್ಲಿ ಊರಿನಲ್ಲಿಯೇ ಇರುವ ನಾವು, ಬಿ.ಎ. ಓದುವವರು, ಒಬ್ಬೊಬ್ಬರು ಅಂಥ ಇಬ್ಬರು ಹುಡುಗರನ್ನು ಕೂರಿಸಿಕೊಂಡು, ಆ ಪ್ರತಿಯನ್ನು ಬಿಡಿಸಿ, ತಪ್ಪಿದ ಲೆಕ್ಕ ಯಾವುದೆಂದು ತೋರಿಸುವುದಕ್ಕೆ ಮೂರು ವಾರ ಸಾಕು.