ಎಮಿಲಿಗೆ ವೀಸಾ ಕೊಟ್ಟವರು ಯಾರು?

ಇಂಟರ್ನಲ್ಸ್ ಮುಗಿದ ರಾತ್ರಿ. ಹಾಸ್ಟೆಲ್ ರೂಮಿನಲ್ಲಿ ನಾವು ನಾಲ್ವರು ಒಂದೇ ಲ್ಯಾಪ್‌ಟಾಪ್ ಮುಂದೆ ಕೂತು ‘ಎಮಿಲಿ ಇನ್ ಪ್ಯಾರಿಸ್’ ಹಚ್ಚಿದೆವು. 2020ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಶುರುವಾದ ಸರಣಿ. ಎಮಿಲಿ ಶಿಕಾಗೊದ ಹುಡುಗಿ. ಪ್ಯಾರಿಸ್‌ಗೆ ಹೋಗಬೇಕಿದ್ದ ಬಾಸ್ ಗರ್ಭಿಣಿಯೆಂದು ಗೊತ್ತಾಗಿ, ಆ ಅವಕಾಶ ಇವಳಿಗೆ ಸಿಗುತ್ತದೆ. ಫ್ರೆಂಚ್ ಬಾರದು. ಆದರೂ ಕ್ಷಣದಲ್ಲಿ ಪ್ಯಾರಿಸ್ ಬೀದಿಯಲ್ಲಿ ಸೂಟ್‌ಕೇಸ್ ಸಮೇತ ಹಾಜರ್! ವೀಸಾ ಕಚೇರಿಯ ಸಾಲು, ಬ್ಯಾಂಕ್ ಸ್ಟೇಟ್‌ಮೆಂಟ್, ಒಂದೂ ಕಾಣಿಸಲಿಲ್ಲ.

‘ಲೇ, ನಾನೂ ಹೋಗ್ತೀನಿ ಕಣೋ’ ಅಂದ ರೂಮ್‌ಮೇಟ್. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತ್ತು.

ಮರುದಿನ ಜರ್ಮನಿಯಲ್ಲಿ ಎಂ.ಎಸ್ ಓದುತ್ತಿರುವ ದೊಡ್ಡಮ್ಮನ ಮಗಳಿಗೆ ವಿಡಿಯೊ ಕಾಲ್ ಮಾಡಿದೆ. ‘ಎಮಿಲಿ ನೋಡಿದ್ಯಾ ಅಕ್ಕ?’ ಅಂದರೆ ಜೋರಾಗಿ ನಕ್ಕಳು. ‘ಅವಳ ಒಂದು ರೂಮಿನಲ್ಲಿ ನಾವು ಮೂವರು ಇರಬಹುದು ಕಣೋ.’ ಆಮೇಲೆ ಲೆಕ್ಕ ಹೇಳತೊಡಗಿದಳು. ವೀಸಾ ಸಿಗಬೇಕಾದರೆ ವರ್ಷದ ಖರ್ಚಿಗೆಂದು 11,904 ಯೂರೊ, ಅಂದರೆ 11 ಲಕ್ಷ ರೂಪಾಯಿಗೂ ಮೇಲೆ, ಬ್ಲಾಕ್ಡ್ ಅಕೌಂಟಿನಲ್ಲಿ ಮೊದಲೇ ಇಡಬೇಕು. ನಮ್ಮದೇ ದುಡ್ಡು, ಆದರೆ ತಿಂಗಳಿಗೆ ಕೈಗೆ ಬರುವುದು 992 ಯೂರೊ. ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನಗಳಷ್ಟೇ ದುಡಿಯಬಹುದು. ಅಕ್ಕ ವಾರಕ್ಕೆರಡು ಸಂಜೆ ಗೋದಾಮಿನಲ್ಲಿ ಪಾರ್ಸೆಲ್ ಜೋಡಿಸುತ್ತಾಳೆ. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಗಡುವು. ಕೋರ್ಸ್ ಇಂಗ್ಲಿಷಿನಲ್ಲೇ, ಅವಳು ಹೋದ ಇಂಟರ್‌ವ್ಯೂಗಳಲ್ಲೆಲ್ಲ ಕೇಳಿದ್ದು ಮಾತ್ರ ಜರ್ಮನ್.

ಇನ್‌ಸ್ಟಾಗ್ರಾಂನಲ್ಲಿ ಅವಳು ಹಾಕುವುದೆಲ್ಲ ಹಿಮದ ಫೋಟೊ. ಕೇಳಿದ್ದಕ್ಕೆ, ‘ಗೋದಾಮಿನ ಫೋಟೊ ಹಾಕಿದ್ರೆ ಅಮ್ಮ ಅಳ್ತಾರೆ’ ಅಂದಳು. ಈಗ ಯಾರನ್ನು ಬಯ್ಯುವುದು? ಎಮಿಲಿಯನ್ನೋ, ನಮ್ಮಕ್ಕನನ್ನೋ?

ಸರಣಿಯ ಮೇಲೆ ನನಗೆ ಸಿಟ್ಟಿಲ್ಲ. ದಣಿದವರಿಗೆ ಒಂದು ಗಂಟೆ ಖುಷಿ ಕೊಟ್ಟರೆ ಅದರ ಕೆಲಸ ಮುಗಿಯಿತು. ಆದರೆ ನಾವು ಆರನೇ ಸೆಮಿಸ್ಟರ್‌ನವರು. ಮೊನ್ನೆ ಅಪ್ಪ ಫೋನಿನಲ್ಲಿ, ‘ತೋಟದ ಪತ್ರ ಇಟ್ರೆ ಬ್ಯಾಂಕಿನವ್ರು ಸಾಲ ಕೊಡ್ತಾರಂತೆ, ನೀನು ಹ್ಞೂಂ ಅನ್ನು’ ಅಂದರು. ಎರಡು ಎಕರೆ ಅಡಿಕೆ ತೋಟ, ಅಜ್ಜ ನೆಟ್ಟದ್ದು. ಎಮಿಲಿಯ ಹಿಂದೆ ಅಂಥ ತೋಟವೊಂದು ಕಾಣಲಿಲ್ಲ. ನಾನು ಹ್ಞೂಂ ಅನ್ನಲಿಲ್ಲ, ಬೇಡ ಅನ್ನಲೂ ಬಾಯಿ ಬರಲಿಲ್ಲ. ‘ದೀಪಾವಳಿಗೆ ಬಂದಾಗ ಮಾತಾಡೋಣ ಅಪ್ಪ’ ಅಂದೆ.

ಸದ್ಯಕ್ಕೆ ಜರ್ಮನ್ ಎ1 ಪಾಠ ಶುರು ಮಾಡಿದ್ದೇನೆ. ದಿನಕ್ಕೆ ಹತ್ತು ಪದ. ಆ ಭಾಷೆಯಲ್ಲಿ ಮೇಜು ಪುಲ್ಲಿಂಗವಂತೆ! ರೂಮ್‌ಮೇಟ್ ಮಾತ್ರ ಎರಡನೇ ಸೀಸನ್‌ನಲ್ಲಿದ್ದಾನೆ.