ಕಪಾಲ-ತ್ರಿಕಾಸ್ಥಿ ಚಿಕಿತ್ಸೆಯ ಉಗಮ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗಳಲ್ಲಿ ಹಸುಗೂಸಿನ ನೆತ್ತಿಗೆ ಹರಳೆಣ್ಣೆ ಒತ್ತುವ ವಾಡಿಕೆಯುಂಟು. ‘ಕ್ರೇನಿಯೋಸೇಕ್ರಲ್’ ಎಂದು ಇಂದು ಪ್ರಚಾರದಲ್ಲಿರುವ ಕಪಾಲ-ತ್ರಿಕಾಸ್ಥಿ ಚಿಕಿತ್ಸೆಯನ್ನು ಇದರೊಡನೆ ಹೋಲಿಸಿ, ಎರಡೂ ಒಂದೇ ಪ್ರಾಚೀನ ವಿದ್ಯೆಯ ಕವಲುಗಳೆಂದು ಎಣಿಸಲು ಮನಸ್ಸಾಗುವುದು ಸಹಜ. ಆದರೆ ಸಾದೃಶ್ಯವನ್ನೇ ವಂಶಾವಳಿಯೆಂದು ಇತಿಹಾಸದ ವಿದ್ಯಾರ್ಥಿಗಳು ಗ್ರಹಿಸಲಾಗದು.

ಈ ಚಿಕಿತ್ಸೆಯ ಜನ್ಮಸ್ಥಾನ ಅಮೆರಿಕ. ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬಾತನು 1892ರಲ್ಲಿ ಮಿಸ್ಸೌರಿಯ ಕರ್ಕ್ಸ್‌ವಿಲ್ ಎಂಬಲ್ಲಿ ಆಸ್ಟಿಯೋಪತಿಯ ಶಾಲೆಯನ್ನು ತೆರೆದನು. ಅಲ್ಲಿ ಕಲಿತ ವಿಲಿಯಂ ಗಾರ್ನರ್ ಸದರ್ಲೆಂಡನು (1873-1954) ಬಿಡಿಬಿಡಿಯಾಗಿ ಬೇರ್ಪಡಿಸಿಟ್ಟ ತಲೆಬುರುಡೆಯೊಂದನ್ನು ನೋಡಿದನು. ಕಣತಲೆಯ ಎಲುಬಿನ ಓರೆಯಂಚು ಅವನಿಗೆ ಮೀನಿನ ಕಿವಿರಿನಂತೆ ತೋರಿತು. ಚಲಿಸುವುದಕ್ಕಾಗಿಯೇ ಅದು ಹಾಗೆ ರಚಿತವಾಗಿರಬೇಕೆಂದು ಊಹಿಸಿದನು. ಒಂದು ಉಪಮಾನದಿಂದ ಒಂದು ವೈದ್ಯಪದ್ಧತಿಯೇ ಹುಟ್ಟಿತೆನ್ನಬಹುದು! ತನ್ನ ತಲೆಯ ಮೇಲೆಯೇ ಪ್ರಯೋಗಗಳನ್ನು ನಡೆಸಿ, 1939ರಲ್ಲಿ ಅವನು ತನ್ನ ವಿಚಾರಗಳನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದನು. ಮುಂದೆ 1970ರ ದಶಕದಲ್ಲಿ ಮಿಶಿಗನ್ ರಾಜ್ಯ ವಿಶ್ವವಿದ್ಯಾನಿಲಯದಲ್ಲಿದ್ದ ಜಾನ್ ಅಪ್ಲೆಡ್ಜರನು ಇದಕ್ಕೆ ಈಗಿನ ರೂಪವನ್ನಿತ್ತು, ಆಸ್ಟಿಯೋಪತಿಯ ವೈದ್ಯರಲ್ಲದವರಿಗೂ ಕಲಿಸತೊಡಗಿದನು.

ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತುವರಿದ ದ್ರವವು, ಹೃದಯ ಮತ್ತು ಶ್ವಾಸಗಳಿಗೆ ಸಂಬಂಧಿಸದ ಸ್ವತಂತ್ರ ಲಯದಲ್ಲಿ, ನಿಮಿಷಕ್ಕೆ ಸುಮಾರು 6ರಿಂದ 12 ಬಾರಿ ಏರಿಳಿಯುತ್ತದೆಂಬುದು ಇದರ ಮೂಲತತ್ತ್ವ. ಆ ಲಯವನ್ನು ಕೇವಲ 5 ಗ್ರಾಂ ಭಾರದ ಸ್ಪರ್ಶದಿಂದ ತಿಳಿದು, ಅದರ ತಡೆಗಳನ್ನು ನಿವಾರಿಸಬಹುದಂತೆ. ದ್ರವವಿರುವುದೂ ಅದು ಹೃದಯ-ಶ್ವಾಸಗಳೊಡನೆ ಚಲಿಸುವುದೂ ದಿಟ. ಆದರೆ ಒಬ್ಬನೇ ರೋಗಿಯ ಈ ‘ಲಯ’ವನ್ನು ಬೇರೆಬೇರೆ ಚಿಕಿತ್ಸಕರು ಎಣಿಸಿದಾಗ ಲೆಕ್ಕಗಳು ಹೊಂದಲಿಲ್ಲ. ವಯಸ್ಕರ ಕಪಾಲಸಂಧಿಗಳನ್ನು ಇಷ್ಟು ಹಗುರವಾದ ಕೈಯಿಂದ ಸರಿಸಬಹುದೆಂಬುದಕ್ಕಾಗಲಿ, ಇದರಿಂದ ರೋಗ ಗುಣವಾಗುವುದೆಂಬುದಕ್ಕಾಗಲಿ ನಂಬತಕ್ಕ ಆಧಾರವಿಲ್ಲ.

ಇನ್ನು ಸುಶ್ರುತಸಂಹಿತೆಯ ವಿಚಾರ. ಅದರ ಶಾರೀರಸ್ಥಾನದಲ್ಲಿ ಹೇಳಿರುವ 107 ಮರ್ಮಗಳ ಪೈಕಿ ತಲೆಯ ಐದು ಸಂಧಿಗಳು ‘ಸೀಮಂತ’ಗಳೆಂಬ ಹೆಸರಿನಿಂದ ಸೇರಿವೆ. ಅವಕ್ಕೆ ಪೆಟ್ಟಾದರೆ ಉನ್ಮಾದ, ಭಯ, ಚಿತ್ತನಾಶಗಳುಂಟಾಗಿ ಮರಣವೆಂದು ಗ್ರಂಥದ ಎಚ್ಚರಿಕೆ. ಸುಶ್ರುತನಿಗೆ ಅವು ಕಾಪಾಡಬೇಕಾದ ಸ್ಥಾನಗಳು. ಸದರ್ಲೆಂಡನಿಗೆ ಸರಿಸಬಹುದಾದ ಕೀಲುಗಳು. ಇವೆರಡನ್ನು ಒಂದೇ ಪರಂಪರೆಯೆನ್ನುವುದೆಂತು?

ಕೂಸನ್ನು ಕಾಲಮೇಲೆ ಮಲಗಿಸಿಕೊಂಡು ಎರೆಯುವ ನಮ್ಮ ಸೀಮೆಯ ಅಜ್ಜಿಯರು ಯಾವ ಗುಪ್ತಲಯವನ್ನೂ ಅರಸುವವರಲ್ಲ. ಕೂಸಿನ ನೆತ್ತಿ ಮಿಡಿಯುವುದು ಕಣ್ಣಿಗೇ ಕಾಣುತ್ತದೆ. ಅದು ಹೃದಯದ ಬಡಿತವೇ. ಅಲ್ಲಿನ ಎಲುಬುಗಳು ಇನ್ನೂ ಕೂಡಿಲ್ಲ. ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ಆ ಸಂದು ಮುಚ್ಚುತ್ತದೆ. ಎಣ್ಣೆ ‘ಒತ್ತುವುದು’ ಎಂದರೆ ಮೆಲ್ಲನೆ ಸವರುವುದಷ್ಟೆ. ತಲೆ ದುಂಡಗಾಗಲೆಂದು ಬಲವಾಗಿ ತೀಡುವುದನ್ನು ನಾವು ಒಪ್ಪಲಾರೆವು. ನೆತ್ತಿ ಗುಳಿಬಿದ್ದರೆ ಅದು ಕೂಸಿನ ಮೈಯಲ್ಲಿ ನೀರು ಕಡಮೆಯಾದುದರ ಲಕ್ಷಣವಿರಬಹುದು; ಉಬ್ಬಿ ಬಿಗಿದಿದ್ದರೆ ತಲೆಯೊಳಗಿನ ಒತ್ತಡದ ಲಕ್ಷಣ. ಅಂಥ ಕೂಸನ್ನು ಹಳೆಯದಾಗಲಿ ಹೊಸದಾಗಲಿ ಯಾವ ಕೈಚಿಕಿತ್ಸೆಗೂ ಒಪ್ಪಿಸದೆ, ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು.