ಸರ್ಕಾರಿ ಶಾಲೆಗೆ ನೇರನುಡಿಯ ಅಧ್ಯಕ್ಷರು: ಇರಬೇಕಾದ ಗುಣಗಳು

ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2001ರ ಸರ್ಕಾರಿ ಆದೇಶದನ್ವಯ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು (ಎಸ್.ಡಿ.ಎಂ.ಸಿ.) ರಚನೆಯಾದವು. ದಿನಾಂಕ 1-4-2010ರಿಂದ ಜಾರಿಗೆ ಬಂದ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009ರ ಪ್ರಕರಣ 21 ಇಂತಹ ಸಮಿತಿಗಳಿಗೆ ಶಾಸನದ ಬಲ ನೀಡಿದೆ. ಅದರಂತೆ ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಭಾಗ ಪೋಷಕರೂ ಶೇ. 50ರಷ್ಟು ಮಹಿಳೆಯರೂ ಇರತಕ್ಕದ್ದು.

ಕಚೇರಿಯಲ್ಲಿ ತೀರ್ಮಾನವಾಗುವುದು ಕಡತದಲ್ಲಿರುವ ಅಂಶಗಳ ಮೇಲೆ. ಬಾಲಕಿಯರ ಶೌಚಾಲಯ ಬಳಕೆಗೆ ಬಾರದಿದ್ದರೂ ಯಾರೂ ತಿಳಿಸದಿದ್ದಲ್ಲಿ, ಕಡತದ ಮಟ್ಟಿಗೆ ಆ ಶಾಲೆಯಲ್ಲಿ ಕೊರತೆಯೇ ಇಲ್ಲವೆಂದಾಗುತ್ತದೆ. ಆದ್ದರಿಂದ ಇದ್ದುದನ್ನು ಇದ್ದಂತೆ ಹೇಳುವ ಅಧ್ಯಕ್ಷರು ಶಾಲೆಗೆ ಅವಶ್ಯಕ. ಅವರಲ್ಲಿ ಈ ಕೆಳಕಂಡ ಗುಣಗಳಿರುವುದು ಅಪೇಕ್ಷಣೀಯ.

1. ನಿಯಮಗಳ ಅರಿವು: ಅಧಿನಿಯಮದ ಅನುಸೂಚಿಯಂತೆ 1ರಿಂದ 5ನೇ ತರಗತಿಗಳಲ್ಲಿ 60 ಮಕ್ಕಳವರೆಗೆ ಇಬ್ಬರು, 61ರಿಂದ 90 ಮಕ್ಕಳಿಗೆ ಮೂವರು ಶಿಕ್ಷಕರಿರಬೇಕು. "ಶಿಕ್ಷಕರು ಸಾಲದು" ಎಂಬುದಕ್ಕಿಂತ "85 ಮಕ್ಕಳಿಗೆ ಮೂವರ ಬದಲು ಒಬ್ಬರಿದ್ದಾರೆ" ಎಂಬ ಮನವಿಗೆ ತೂಕ ಹೆಚ್ಚು.

2. ಲೆಕ್ಕದಲ್ಲಿ ಶುದ್ಧತೆ: ಅನುದಾನದ ಬಳಕೆಯ ಮೇಲ್ವಿಚಾರಣೆ ಸಮಿತಿಯ ಕರ್ತವ್ಯ. ಜಮಾ-ಖರ್ಚನ್ನು ಪೋಷಕರ ಸಭೆಯಲ್ಲಿ ಓದಿ ಹೇಳುವವರಿಗೆ ಇತರರನ್ನು ಪ್ರಶ್ನಿಸುವ ನೈತಿಕ ಅಧಿಕಾರವಿರುತ್ತದೆ.

3. ಬರಹದ ಅಭ್ಯಾಸ: ಸಭೆಯ ಮಾತು ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕು, ಮನವಿ ಸಲ್ಲಿಸಿದಾಗ ಸ್ವೀಕೃತಿ ಪಡೆಯಬೇಕು. ಕೊರತೆಗಳನ್ನು ಪ್ರಕರಣ 22ರನ್ವಯ ಸಿದ್ಧಪಡಿಸುವ ಶಾಲಾಭಿವೃದ್ಧಿ ಯೋಜನೆಯಲ್ಲಿಯೂ ಸೇರಿಸಬೇಕು.

4. ವ್ಯಕ್ತಿನಿಂದೆ ಇಲ್ಲದಿರುವಿಕೆ: ಹೊಸ ಕೊಠಡಿಯ ಮಂಜೂರಾತಿ ಮುಖ್ಯೋಪಾಧ್ಯಾಯರ ಕೈಯಲ್ಲಿಲ್ಲ. ಅವರನ್ನು ಸಭೆಯಲ್ಲಿ ಹೀಯಾಳಿಸಿದರೆ ಕೊಠಡಿ ಬರುವುದಿಲ್ಲ; ಜೊತೆಗಿರಬೇಕಾದವರು ದೂರವಾಗುತ್ತಾರೆ.

5. ಮಾತನಾಡಲಾಗದವರ ಪರ ನಿಲುವು: ದಿನಗೂಲಿ ಬಿಟ್ಟು ಸಭೆಗೆ ಬರಲಾಗದ ಪೋಷಕರು ಅನೇಕರಿದ್ದಾರೆ. ಅವರ ಮಗುವಿಗೆ ಪೆಟ್ಟು ಬಿದ್ದರೆ ಕೇಳುವವರು ಅಧ್ಯಕ್ಷರೇ. ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಪ್ರಕರಣ 17 ನಿಷೇಧಿಸಿದೆ.

ದೂರು ಸಲ್ಲಿಸುವ ವಿಧಾನ: ಮಗುವಿನ ಹಕ್ಕಿಗೆ ಸಂಬಂಧಿಸಿದ ದೂರನ್ನು ಯಾವುದೇ ವ್ಯಕ್ತಿ ಪ್ರಕರಣ 32ರನ್ವಯ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತವಾಗಿ ಸಲ್ಲಿಸಬಹುದು. ಪ್ರಾಧಿಕಾರವು ಸಂಬಂಧಪಟ್ಟವರ ಅಹವಾಲು ಆಲಿಸಿ 3 ತಿಂಗಳೊಳಗೆ ತೀರ್ಮಾನಿಸತಕ್ಕದ್ದು. ತೀರ್ಮಾನದಿಂದ ಬಾಧಿತರಾದವರು ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು.

ಪೋಷಕರು ಸಮಿತಿಗೆ ಪ್ರತಿನಿಧಿಗಳನ್ನು ಆರಿಸುವಾಗ ಧ್ವನಿಯ ಗಟ್ಟಿತನವೊಂದನ್ನೇ ನೋಡದೆ ಮೇಲ್ಕಂಡ ಗುಣಗಳನ್ನು ಪರಿಗಣಿಸಬೇಕೆಂದು ಕೋರಲಾಗಿದೆ.